ಪರದೇಶದ ಪೌರತ್ವ ಮತ್ತು ಕೊಟ್ಟ ಮಾತು

ಪರದೇಶದಲ್ಲಿ ಕಾಯಂ ಆಗಿ ನೆಲೆಸಲು ಅನುಮತಿ ಪಡೆಯುವುದು ಬೇರೆ, ಆ ದೇಶದ ಪೌರನಾಗುವುದು ಬೇರೆ. ಈ ಎರಡರ ನಡುವಿನ ಅಂತರ ನಮ್ಮ ಚಳ್ಳಕೆರೆಯಂತಹ ಊರುಗಳಲ್ಲಿ ಇನ್ನೂ ಪರಿಚಿತವಾಗಿಲ್ಲ. ಅದಕ್ಕೆ ಕಾರಣವೂ ಇದೆ. ನಮ್ಮ ಮನೆಗಳಿಂದ ಹೊರದೇಶಕ್ಕೆ ಹೋದವರಲ್ಲಿ ಹೆಚ್ಚಿನವರು ಹೋದದ್ದು ಕೊಲ್ಲಿ ರಾಷ್ಟ್ರಗಳಿಗೆ. ಅಲ್ಲಿ ಮೂವತ್ತು ವರ್ಷ ದುಡಿದರೂ ಇಖಾಮಾವನ್ನು ನವೀಕರಿಸುತ್ತಲೇ ಇರಬೇಕು. ದುಡಿಮೆ ಮುಗಿದ ದಿನ ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಮರಳಬೇಕು. ಸಾಮಾನ್ಯ ದುಡಿಮೆಗಾರನ ಮಟ್ಟಿಗೆ ಪೌರತ್ವವೆಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಆದುದರಿಂದಲೇ, ಅಮೆರಿಕದಲ್ಲಿರುವ ನನ್ನ ಅಣ್ಣನ ಮಗ ತಾನು ಆ ದೇಶದ ಪೌರತ್ವಕ್ಕೆ ಅರ್ಜಿ ಸಲ್ಲಿಸುತ್ತಿದ್ದೇನೆಂದು 2021ರ ಡಿಸೆಂಬರ್‌ನಲ್ಲಿ ತಿಳಿಸಿದಾಗ, ಮನೆಯ ಹಿರಿಯರು ಅವನು ವಂಶವನ್ನೇ ಬಿಟ್ಟುಕೊಟ್ಟನೇನೋ ಎಂಬಂತೆ ಕಳವಳಗೊಂಡರು.

ಶಾಲೆಯ ಪಠ್ಯಪುಸ್ತಕಗಳು ಇದನ್ನು 'ಸಹಜೀಕೃತ ಪೌರತ್ವ' ಎಂದು ಕರೆಯುತ್ತವೆ. ಜನನದಿಂದ, ವಂಶದಿಂದ, ನೋಂದಣಿಯಿಂದ, ಸಹಜೀಕರಣದಿಂದ, ಭೂಪ್ರದೇಶದ ಸೇರ್ಪಡೆಯಿಂದ ಎಂದು ಪೌರತ್ವದ ಐದು ಬಗೆಗಳನ್ನು ಮಕ್ಕಳು ಉರು ಹೊಡೆಯುತ್ತಾರೆ. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸಿದ ನಾನು ಈ ಪದವನ್ನು ಎಷ್ಟು ಸಲ ಕಪ್ಪುಹಲಗೆಯ ಮೇಲೆ ಬರೆದೆನೋ ಲೆಕ್ಕವಿಲ್ಲ. ಅದು ಪುಸ್ತಕದಿಂದ ಎದ್ದು ಮನೆಯ ಪಡಸಾಲೆಗೆ ಬಂದು ಕುಳಿತುಕೊಂಡದ್ದು ಮಾತ್ರ ಆ ವರ್ಷವೇ.

ಅಮೆರಿಕದ ನಿಯಮ ಮೇಲ್ನೋಟಕ್ಕೆ ಸರಳವಾಗಿದೆ. ಹದಿನೆಂಟು ವರ್ಷ ತುಂಬಿದ, ಗ್ರೀನ್ ಕಾರ್ಡ್ ಪಡೆದು 5 ವರ್ಷ ಅಲ್ಲಿ ನೆಲೆಸಿದ ಕಾಯಂ ನಿವಾಸಿಯು ಪೌರತ್ವಕ್ಕೆ ಅರ್ಜಿ ಸಲ್ಲಿಸಬಹುದು. ಅಲ್ಲಿನ ಪೌರರನ್ನು ವಿವಾಹವಾಗಿ ಅವರೊಂದಿಗೇ ಬಾಳುತ್ತಿರುವವರಿಗೆ 3 ವರ್ಷ ಸಾಕು. ಅವಧಿ ತುಂಬುವುದಕ್ಕೆ 90 ದಿನ ಮೊದಲೇ ಅರ್ಜಿಯನ್ನು ಕಳುಹಿಸಬಹುದು. ಒಳ್ಳೆಯ ನಡತೆ ಇರಬೇಕು. ಇಂಗ್ಲಿಷಿನಲ್ಲಿ ಓದುವ, ಬರೆಯುವ, ಮಾತನಾಡುವ ಸಾಮರ್ಥ್ಯ ಬೇಕು. ವಯಸ್ಸಾದ ಹಳೆಯ ನಿವಾಸಿಗಳಿಗೆ ಇದರಲ್ಲಿ ವಿನಾಯಿತಿ ಇದೆ. ಆ ದೇಶದ ಇತಿಹಾಸ ಮತ್ತು ಆಡಳಿತದ ಬಗ್ಗೆ ಪರೀಕ್ಷೆಯೂ ಇದೆ. ನಮ್ಮ ಹುಡುಗ ಬರೆದ ಕಾಲದಲ್ಲಿ 100 ಪ್ರಶ್ನೆಗಳ ಪಟ್ಟಿಯಿಂದ 10 ಕೇಳುತ್ತಿದ್ದರು, 6ಕ್ಕೆ ಸರಿಯುತ್ತರ ಕೊಟ್ಟರೆ ತೇರ್ಗಡೆ. 2025ರ ಅಕ್ಟೋಬರ್ 20ರಿಂದ ಅರ್ಜಿ ಸಲ್ಲಿಸುವವರಿಗೆ ಪಟ್ಟಿ 128ಕ್ಕೆ ಏರಿದೆ. 20 ಪ್ರಶ್ನೆಗಳಲ್ಲಿ 12ಕ್ಕೆ ಉತ್ತರಿಸಬೇಕು. ನಮ್ಮ ಮಕ್ಕಳಿಗೆ ಪರೀಕ್ಷೆಗಳ ಭಯವೇನೂ ಇಲ್ಲ. ಅವರನ್ನು ಇಕ್ಕಟ್ಟಿಗೆ ಸಿಲುಕಿಸುವುದು ಬೇರೊಂದು ಷರತ್ತು: ದಿನಗಳ ಎಣಿಕೆ.

ಆ 5 ವರ್ಷಗಳಲ್ಲಿ ಕನಿಷ್ಠ ಅರ್ಧದಷ್ಟು ಕಾಲ, ಅಂದರೆ 30 ತಿಂಗಳು, ದೇಹತಃ ಆ ನೆಲದ ಮೇಲೆ ಇರಬೇಕು. ಅಷ್ಟೇ ಆಗಿದ್ದರೆ ಕಷ್ಟವಿರಲಿಲ್ಲ. ಒಂದೇ ಸಲಕ್ಕೆ 6 ತಿಂಗಳಿಗಿಂತ ಹೆಚ್ಚು ಹೊರಗೆ ಉಳಿದರೆ ವಾಸದ ಸರಪಣಿ ತುಂಡಾಗಿದೆಯೆಂದು ಕಾನೂನು ಭಾವಿಸುತ್ತದೆ. ಹಾಗಲ್ಲವೆಂದು ಸಾಧಿಸುವ ಹೊಣೆ ಅರ್ಜಿದಾರನದು. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಹೊರಗಿದ್ದರೆ, ಮೊದಲೇ ವಿಶೇಷ ಅನುಮತಿ ಪಡೆದವರ ಹೊರತು ಉಳಿದವರ ಸರಪಣಿ ಖಂಡಿತವಾಗಿ ತುಂಡಾಗುತ್ತದೆ. ಎಣಿಕೆ ಮರಳಿ ಹೊಸದಾಗಿ ಆರಂಭವಾಗುತ್ತದೆ.

ನನ್ನ ಅಣ್ಣನ ಮಗನಿಗೆ ಗ್ರೀನ್ ಕಾರ್ಡ್ ದೊರೆತದ್ದು 2017ರ ಮಾರ್ಚ್‌ನಲ್ಲಿ. ಅದಕ್ಕೆ ಮುನ್ನ ವಿದ್ಯಾರ್ಥಿಯಾಗಿ, ಬಳಿಕ ಉದ್ಯೋಗಿಯಾಗಿ ಹದಿನಾಲ್ಕು ವರ್ಷ ಕಾದಿದ್ದ. 2018ರ ಜೂನ್‌ನಲ್ಲಿ, ರಮಝಾನ್ ಈದ್ ಕಳೆದು ಒಂದು ವಾರವೂ ಆಗಿರಲಿಲ್ಲ, ಮೊಳಕಾಲ್ಮೂರಿನ ತವರುಮನೆಗೆ ಹೋಗಿದ್ದ ಅವನ ತಾಯಿ, ಅಂದರೆ ನನ್ನ ಅತ್ತಿಗೆ, ಪಾರ್ಶ್ವವಾಯು ಬಡಿದು ಬಿದ್ದರು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಅಣ್ಣ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಗ ನಾಲ್ಕನೆಯ ದಿನ ಬಂದಿಳಿದ. ಹೆಂಡತಿ ಮಕ್ಕಳನ್ನು ಡಲ್ಲಾಸ್‌ನ ಬಾಡಿಗೆ ಮನೆಯಲ್ಲಿ ಬಿಟ್ಟು, ಸಂಬಳವಿಲ್ಲದ ರಜೆ ಹಾಕಿ ಬಂದಿದ್ದ.

ಅವನು ಮೊಳಕಾಲ್ಮೂರಿನಲ್ಲಿ ಉಳಿದದ್ದು 8 ತಿಂಗಳು. ಬೆಳಗ್ಗೆ ತಾಯಿಯ ಕೈಕಾಲುಗಳಿಗೆ ವ್ಯಾಯಾಮ ಮಾಡಿಸುವುದು, ಮಧ್ಯಾಹ್ನ ಒಂದೊಂದೇ ಅಕ್ಷರ ನುಡಿಸುವುದು. ಬೀದಿಯ ಮಗ್ಗಗಳ ಸದ್ದಿಗೆ ಸರಿಯಾಗಿ ತಾಯಿಯ ಬೆರಳುಗಳನ್ನು ಮಡಚಿ ಬಿಡಿಸುತ್ತಿದ್ದ. ಸಂಜೆ ಸ್ವಲ್ಪ ಬಿಡುವಾದರೆ ನಾವಿಬ್ಬರೂ ಬ್ರಹ್ಮಗಿರಿಯ ಕಡೆಗೆ ಹೋಗುತ್ತಿದ್ದೆವು. ಆ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ, 1892ರಲ್ಲಿ ಬಿ. ಎಲ್. ರೈಸ್ ಅವುಗಳನ್ನು ಬೆಳಕಿಗೆ ತಂದರು. ತಂದೆತಾಯಿಯರ ಸೇವೆ ಮಾಡಬೇಕು, ಸತ್ಯವನ್ನು ನುಡಿಯಬೇಕು ಎಂಬುದು ಅವುಗಳಲ್ಲಿರುವ ಬೋಧನೆ. ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದ್ದರೂ ತಾನು ಲಿಪಿಕಾರನೆಂಬ ಮಾತನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ವಾಯವ್ಯದ ಗಾಂಧಾರ ಸೀಮೆಯ ಲಿಪಿ. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಮೊಳಕಾಲ್ಮೂರಿನ ಬಂಡೆಯ ಮುಂದೆ ನಿಂತು, ಊರಿನವರಾರೂ ಓದಲಾರದ ಲಿಪಿಯಲ್ಲಿ ಆತ ಸಹಿ ಹಾಕಿದನೇಕೆ? ಹುಡುಗ ಅದನ್ನು ನೋಡುತ್ತಾ ಬಹಳ ಹೊತ್ತು ನಿಲ್ಲುತ್ತಿದ್ದ.

ಡಿಸೆಂಬರ್ ಸಮೀಪಿಸಿದಾಗ ಅವನ ಗೆಳೆಯರು ಎಚ್ಚರಿಸತೊಡಗಿದರು. 6 ತಿಂಗಳು ದಾಟುವ ಮುನ್ನ ಒಂದು ವಾರದ ಮಟ್ಟಿಗೆ ಹೋಗಿ ಬಾ, ಎರಡು ಪ್ರಯಾಣಗಳಾಗಿ ಒಡೆದರೆ ಪೌರತ್ವಕ್ಕೆ ಅಡ್ಡಿಯಿಲ್ಲ ಎಂದರು. ನಾನೂ ಅದನ್ನೇ ಹೇಳಿದೆ. ಆದರೆ ಆ ವಾರವೇ ಅತ್ತಿಗೆಗೆ ಮಾತು ಮರಳತೊಡಗಿತ್ತು, ಅದೂ ಮಗನೊಂದಿಗೆ ಮಾತ್ರ. ಅವನು ಹೋಗಲಿಲ್ಲ. ತಾಯಿಯ ಸೇವೆಯನ್ನು ನಮ್ಮ ಧರ್ಮ ಎಷ್ಟು ಎತ್ತರದಲ್ಲಿಟ್ಟಿದೆಯೆಂದು ಈ ಲೇಖನದ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಅಮೆರಿಕದ ಕಾನೂನೂ ಇಲ್ಲಿ ಕಲ್ಲುಮನಸ್ಸಿನದಲ್ಲ. ಅದು ಎಣಿಸುತ್ತದೆ, ಎಣಿಸಿದ ಮೇಲೆ ಕಾರಣವನ್ನೂ ಕೇಳುತ್ತದೆ.

ಅರ್ಜಿಯಲ್ಲಿ ಹೊರದೇಶದ ಪ್ರಯಾಣಗಳನ್ನೆಲ್ಲ ಹೋದ ದಿನ, ಮರಳಿದ ದಿನ ಸಹಿತ ಬರೆಯಬೇಕು. ಆ 8 ತಿಂಗಳನ್ನು ಹೇಗೆ ಬರೆಯಬೇಕೆಂಬ ಬಗ್ಗೆ ಬಂಧುಗಳಲ್ಲಿ ಪುಕ್ಕಟೆ ಸಲಹೆಗಾರರಿಗೆ ಕೊರತೆಯಿರಲಿಲ್ಲ. ಒಬ್ಬರಂತೂ ದಿನಾಂಕವನ್ನು ಕೊಂಚ ಹಿಂದೆಮುಂದೆ ಮಾಡಿದರೆ ಯಾರಿಗೆ ಗೊತ್ತಾಗುತ್ತದೆ ಎಂದರು. ಅದು ತಿಳಿಯದೆ ಹೋಗುವ ಸಂಗತಿಯಲ್ಲ, ವಿಮಾನ ನಿಲ್ದಾಣದ ದಾಖಲೆಗಳಿರುತ್ತವೆ. ಮುಖ್ಯವಾದ ಸಂಗತಿಯನ್ನು ಮರೆಮಾಚಿ ಪಡೆದ ಪೌರತ್ವವನ್ನು ಎಷ್ಟು ವರ್ಷಗಳ ಬಳಿಕವಾದರೂ ನ್ಯಾಯಾಲಯ ರದ್ದುಗೊಳಿಸಬಹುದು. ಹಾಗೆಂದು, ಸಿಕ್ಕಿಬೀಳುವ ಭಯವೊಂದರಿಂದಲೇ ಸತ್ಯ ಹೇಳುವುದಾದರೆ ಅದಕ್ಕೆ ಏನು ಬೆಲೆ? ಹೊಸ ನಾಡಿನೊಂದಿಗೆ ಕರಾರು ಮಾಡಿಕೊಳ್ಳಲು ಹೊರಟವನು ಮೊದಲ ಪುಟದಲ್ಲೇ ಸುಳ್ಳು ಬರೆದರೆ ಆ ಕರಾರು ಯಾವ ಬಗೆಯದು? ಹುಡುಗ ಇದ್ದದ್ದನ್ನು ಇದ್ದಂತೆ ಬರೆದ. ಸಂದರ್ಶನದಲ್ಲಿ ಅಧಿಕಾರಿ ಆ ಸಾಲಿನ ಮೇಲೆಯೇ ಬೆರಳಿಟ್ಟರು. ಹೆಂಡತಿ ಮಕ್ಕಳು ಅಲ್ಲೇ ಇದ್ದುದಕ್ಕೆ ಶಾಲೆಯ ಪತ್ರ, ಬಾಡಿಗೆಯ ರಸೀದಿ, ತೆರಿಗೆಯ ವಿವರ, ಕೆಲಸ ಬಿಟ್ಟಿರಲಿಲ್ಲವೆಂಬುದಕ್ಕೆ ರಜೆಯ ಪತ್ರ, ತಾಯಿಯ ಚಿಕಿತ್ಸೆಯ ಕಾಗದಗಳು, ಎಲ್ಲವನ್ನೂ ಕೇಳಿ ತರಿಸಿಕೊಂಡರು. ತಿಂಗಳುಗಳು ಉರುಳಿದವು. ಕೊನೆಗೆ ಅರ್ಜಿ ಅಂಗೀಕಾರವಾಗಿ, 2023ರ ಫೆಬ್ರವರಿಯಲ್ಲಿ ಪ್ರತಿಜ್ಞೆಗೆ ದಿನ ಗೊತ್ತಾಯಿತು.

ಅಷ್ಟರಲ್ಲಿ ಅತ್ತಿಗೆ ಊರುಗೋಲು ಹಿಡಿದು ನಡೆಯುವಂತಾಗಿದ್ದರು. ಪ್ರತಿಜ್ಞೆಯ ಸುದ್ದಿ ಕೇಳಿ ಅವರು ನನ್ನನ್ನು ಎರಡು ಪ್ರಶ್ನೆ ಕೇಳಿದರು. ಮೊದಲನೆಯದು: "ಮನುಷ್ಯ ಹುಟ್ಟಿದ ನಾಡನ್ನು ಬದಲಿಸಲು ಸಾಧ್ಯವೇ?" ಎರಡನೆಯದನ್ನು ಅವರು ಮನೆಮಾತಿನಲ್ಲಿ, ತೀರ ಮೆಲ್ಲಗೆ ಕೇಳಿದರು: "ನನ್ನ ಜನಾಝಕ್ಕೆ ಬರಲು ನನ್ನ ಮಗನಿಗೆ ವೀಸಾ ಬೇಕೇ?"

ಮೊದಲನೆಯದಕ್ಕೆ ಅವರ ತವರಿನಲ್ಲೇ ಉತ್ತರವಿತ್ತು. ಅತ್ತಿಗೆಯ ಅಜ್ಜ ಮೊಳಕಾಲ್ಮೂರಿನವರು, ಅಜ್ಜಿ ಪಕ್ಕದ ರಾಯದುರ್ಗದವರು. ಮೊಳಕಾಲ್ಮೂರು ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ರಾಯದುರ್ಗ ಬಳ್ಳಾರಿ ಜಿಲ್ಲೆಯೊಂದಿಗೆ ಬ್ರಿಟಿಷರ ಮದರಾಸು ಪ್ರಾಂತದಲ್ಲಿತ್ತು. ಹೀಗಾಗಿ ಒಂದೇ ಮನೆಯಲ್ಲಿ ಅಜ್ಜ ಮಹಾರಾಜರ ಪ್ರಜೆ, ಅಜ್ಜಿ ಹುಟ್ಟಿನಿಂದ ಇಂಗ್ಲೆಂಡಿನ ದೊರೆಯ ಪ್ರಜೆ. ನಮ್ಮ ಸಂವಿಧಾನದ ಪೌರತ್ವದ ವಿಧಿಗಳು 1949ರ ನವೆಂಬರ್ 26ರಂದೇ ಜಾರಿಗೆ ಬಂದವು. ಇಬ್ಬರೂ ಅಂದು ಭಾರತದ ಪೌರರಾದರು. 1953ರ ಅಕ್ಟೋಬರ್ 1ರಂದು ರಾಯದುರ್ಗ ಆಂಧ್ರಕ್ಕೆ, ಬಳ್ಳಾರಿ ಮೈಸೂರಿಗೆ ಹೋಯಿತು. ಆ ದಂಪತಿ ಕುಳಿತ ಮಗ್ಗದಿಂದ ಏಳದೆಯೇ ಇಷ್ಟೆಲ್ಲ ನಡೆದುಹೋಯಿತು. ಇದನ್ನು ಕೇಳಿ ಅತ್ತಿಗೆ ನಕ್ಕರು. ಆದರೆ ಅವರ ಆಕ್ಷೇಪವನ್ನು ಇದು ಪೂರ್ತಿ ತಣಿಸಲಿಲ್ಲ, ತಣಿಸಬೇಕಾಗಿಯೂ ಇರಲಿಲ್ಲ. ಅಜ್ಜ ಅಜ್ಜಿಯರ ಪೌರತ್ವ ತಾನಾಗಿ ಬಂದದ್ದು. ಮಗ ಎದ್ದು ನಿಂತು, ಬಲಗೈ ಎತ್ತಿ, ಬಾಯಿ ಬಿಟ್ಟು ಮಾತು ಕೊಡಲಿದ್ದ.

ಆ ಮಾತಿನಲ್ಲಿ ಏನಿದೆಯೆಂದು ನಾನು ಅರ್ಥೈಸಿಕೊಂಡೆ. ಇತರ ಯಾವುದೇ ರಾಜ್ಯಕ್ಕೆ ಸಲ್ಲುತ್ತಿದ್ದ ನಿಷ್ಠೆಯನ್ನು ತ್ಯಜಿಸುವುದು, ಆ ದೇಶದ ಸಂವಿಧಾನ ಮತ್ತು ಕಾನೂನನ್ನು ರಕ್ಷಿಸುವುದು, ಕಾನೂನು ಬಯಸಿದಾಗ ಶಸ್ತ್ರ ಹಿಡಿಯುವುದು ಅಥವಾ ಶಸ್ತ್ರವಿಲ್ಲದ ಸೇವೆ ಸಲ್ಲಿಸುವುದು. ಧಾರ್ಮಿಕ ನಂಬಿಕೆಯ ಕಾರಣದಿಂದ ಶಸ್ತ್ರ ಹಿಡಿಯಲು ಒಪ್ಪದವರು ಆ ಭಾಗವನ್ನು ಬಿಡಲು ಅನುಮತಿ ಕೇಳಬಹುದು. ಕೊನೆಯಲ್ಲಿ ಇದನ್ನೆಲ್ಲ ಮನಸ್ಸಿನಲ್ಲಿ ಏನನ್ನೂ ಬಚ್ಚಿಟ್ಟುಕೊಳ್ಳದೆ ಒಪ್ಪುತ್ತೇನೆಂದು ಹೇಳಬೇಕು. ಕರ್ಮಗಳ ಬೆಲೆ ಸಂಕಲ್ಪದಿಂದ ಎಂದು ನಂಬುವ ನಮಗೆ ಈ ಕೊನೆಯ ಮಾತೇ ಎಲ್ಲಕ್ಕಿಂತ ಭಾರವಾದುದು. ಮಾಡಿದ ಕರಾರಿನ ಬಗ್ಗೆ ನಾಳೆ ವಿಚಾರಣೆಯಿದೆ ಎಂಬುದು ಕುರ್‌ಆನಿನ ಬೋಧನೆ. ಎದುರಿನವನು ಯಾರೆಂಬುದು ಅಲ್ಲಿ ಪ್ರಶ್ನೆಯಲ್ಲ. ತಾನು ನಂಬಿಕೆಯಲ್ಲಿ ರಾಜಿಯಾಗಬೇಕಾದ ಯಾವ ಮಾತೂ ಆ ಪ್ರತಿಜ್ಞೆಯಲ್ಲಿಲ್ಲ ಎಂದು ಖಚಿತಪಡಿಸಿಕೊಂಡ ಮೇಲೆಯೇ ಹುಡುಗ ಹೆಜ್ಜೆಯಿಟ್ಟ. ವಿದ್ವಾಂಸರಲ್ಲಿ ಈ ಕುರಿತು ಭಿನ್ನ ಅಭಿಪ್ರಾಯಗಳಿವೆ. ಪ್ರತಿಯೊಬ್ಬರೂ ತಾವು ನಂಬುವ ಆಲಿಮರನ್ನು ಕೇಳಿ ನಿರ್ಧರಿಸಬೇಕು.

ನಾನು ಅತ್ತಿಗೆಗೆ ಹೇಳಿದ್ದು ಮದೀನದ ಸಂಗತಿ. ಮಕ್ಕಾವನ್ನು ಪ್ರವಾದಿವರ್ಯರು(ಸ) ಎಷ್ಟು ಪ್ರೀತಿಸುತ್ತಿದ್ದರೆಂದು ಎಲ್ಲರೂ ಬಲ್ಲರು. ಹಿಜ್ರತ್ ಆಗಿ ಎಂಟನೆಯ ವರ್ಷದಲ್ಲಿ ಆ ನಗರ ಅವರಿಗೆ ಒಲಿಯಿತು. ಇನ್ನು ಅವರು ಹುಟ್ಟೂರಿನಲ್ಲೇ ಉಳಿಯುವರೇನೋ ಎಂದು ಅನ್ಸಾರರು ಅಂಜಿದರು. ಅವರು ಉಳಿಯಲಿಲ್ಲ. ಅಕಬಾದಲ್ಲಿ ಮಾತು ಕೊಟ್ಟು ಪಡೆದ ಜನರ ಊರಿಗೇ ಮರಳಿದರು, ಅಲ್ಲೇ ಮಣ್ಣಾದರು. ಹುಟ್ಟೂರಿನ ಪ್ರೀತಿಯೂ ಕುಂದಲಿಲ್ಲ, ಕೊಟ್ಟ ಮಾತೂ ತಪ್ಪಲಿಲ್ಲ.

ಎರಡನೆಯ ಪ್ರಶ್ನೆಗೆ ಇಷ್ಟು ಸಮಾಧಾನದ ಉತ್ತರವಿರಲಿಲ್ಲ. ಅಮೆರಿಕ ತನ್ನ ಪೌರರು ಬೇರೆ ಪೌರತ್ವ ಹೊಂದುವುದನ್ನು ತಡೆಯುವುದಿಲ್ಲ. ತಡೆ ಇರುವುದು ನಮ್ಮ ಕಾನೂನಿನಲ್ಲಿ. 1955ರ ಪೌರತ್ವ ಕಾಯ್ದೆಯ 9ನೆಯ ಕಲಮಿನಂತೆ, ಸ್ವಇಚ್ಛೆಯಿಂದ ಪರದೇಶದ ಪೌರತ್ವ ಪಡೆದ ಕ್ಷಣಕ್ಕೆ ಭಾರತದ ಪೌರತ್ವ ಕೊನೆಗೊಳ್ಳುತ್ತದೆ. ಪಾಸ್‌ಪೋರ್ಟನ್ನು ಒಪ್ಪಿಸಬೇಕು. ಗುಟ್ಟಾಗಿ ಎರಡನ್ನೂ ಇಟ್ಟುಕೊಂಡು ತಿರುಗುವವರಿದ್ದಾರೆ. ಅದು ಎರಡೂ ದೇಶಗಳಿಗೆ ಬಗೆಯುವ ವಂಚನೆ, ಜಾಣತನವಲ್ಲ. ಮತದಾನದ ಹಕ್ಕೂ ಹೋಗುತ್ತದೆ. ಗ್ರೀನ್ ಕಾರ್ಡ್ ಇದ್ದಷ್ಟು ದಿನ ಅವನು ಭಾರತೀಯನೇ ಆಗಿದ್ದ; ಹೆಸರು ನೋಂದಾಯಿಸಿ, ಚುನಾವಣೆಯ ದಿನ ಊರಿಗೆ ಬಂದರೆ ಮತ ಹಾಕಬಹುದಿತ್ತು. ಇನ್ನು ಇಲ್ಲ.

ಇದಕ್ಕೆ ಬದಲಾಗಿ ದೊರೆಯುವುದು ಓಸಿಐ ಕಾರ್ಡ್. ಸಾಗರೋತ್ತರ ಭಾರತೀಯ ಪೌರನೆಂದು ಅದರ ಹೆಸರಿನಲ್ಲಿದ್ದರೂ ಅದು ಪೌರತ್ವವಲ್ಲ. ಜೀವನಪರ್ಯಂತ ಬಂದು ಹೋಗಲು ಇರುವ ಪರವಾನಗಿ. ನಮ್ಮ ಕುಟುಂಬಗಳು ಎರಡು ವಿಷಯಗಳನ್ನು ವಿಶೇಷವಾಗಿ ಗಮನಿಸಬೇಕು. ಅರ್ಜಿದಾರನಾಗಲಿ, ಅವನ ತಂದೆತಾಯಿ, ಅಜ್ಜ ಅಜ್ಜಿ, ಮುತ್ತಜ್ಜ ಮುತ್ತಜ್ಜಿಯರಲ್ಲಿ ಯಾರಾದರಾಗಲಿ ಎಂದಾದರೂ ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪೌರರಾಗಿದ್ದರೆ ಈ ಕಾರ್ಡ್ ಸಿಗುವುದಿಲ್ಲ. ಇನ್ನು 2021ರ ಮಾರ್ಚ್‌ನ ಅಧಿಸೂಚನೆಯಂತೆ ಈ ಕಾರ್ಡ್ ಹೊಂದಿದವರು ತಬ್ಲೀಗ್ ಅಥವಾ ಮಿಷನರಿ ಕಾರ್ಯದಲ್ಲಿ ತೊಡಗಲು ವಿಶೇಷ ಅನುಮತಿ ಬೇಕು. ರಜೆಗೆ ಬಂದ ಹುಡುಗರು ಜಮಾಅತ್‌ನೊಂದಿಗೆ ಹೊರಡುವ ಮುನ್ನ ಇದನ್ನು ತಿಳಿದಿರಲಿ.

ಪ್ರತಿಜ್ಞೆಯ ದಿನಕ್ಕೂ ಓಸಿಐ ಕಾರ್ಡ್ ಕೈಸೇರುವ ದಿನಕ್ಕೂ ನಡುವೆ ಕೆಲವು ವಾರಗಳ ಬಿಡುವಿರುತ್ತದೆ. ಆ ಬಿಡುವಿನಲ್ಲಿ ಊರಿಗೆ ಬರಬೇಕಾದರೆ ಹೌದು, ಸ್ವಂತ ತಾಯಿಯ ಜನಾಝಕ್ಕೂ ವೀಸಾ ಬೇಕು. ಅಂತರ್ಜಾಲದ ಮೂಲಕ ಇ-ವೀಸಾ ಪಡೆಯಬಹುದೆಂದು ನಾನು ಅತ್ತಿಗೆಗೆ ತಿಳಿಸಿದೆ. ಅವರು ತಲೆಯಾಡಿಸಿದರು. ಆ ವಾರಗಳಲ್ಲಿ ನಾನು ದಿನವೂ ಫಜ್ರ್ ನಮಾಝಿನ ಬಳಿಕ ಫೋನ್ ಮಾಡಿ ಅವರ ದನಿ ಕೇಳುತ್ತಿದ್ದೆ. 2023ರ ಬಕ್ರೀದ್‌ಗೆ ಹುಡುಗ ಕಾರ್ಡ್ ಹಿಡಿದುಕೊಂಡೇ ಬಂದ, ಅಲ್‌ಹಮ್ದುಲಿಲ್ಲಾಹ್.

ಈ ನಡುವೆ ನಮ್ಮ ದೇಶದ ನಿಯಮವೇನೆಂದು ಮನೆಯ ಹುಡುಗರು ನನ್ನನ್ನು ಕೇಳಿದ್ದುಂಟು. ನಮ್ಮಲ್ಲಿಯೂ ಸಹಜೀಕರಣವಿದೆ. ಅರ್ಜಿಗೆ ಮುನ್ನ ಒಂದು ವರ್ಷ ಸತತವಾಗಿ, ಅದಕ್ಕೂ ಹಿಂದಿನ 14 ವರ್ಷಗಳಲ್ಲಿ 11 ವರ್ಷ ಇಲ್ಲಿ ವಾಸಿಸಿರಬೇಕು. ಸಂವಿಧಾನದ ಎಂಟನೆಯ ಅನುಸೂಚಿಯ ಒಂದು ಭಾಷೆ ಬರಬೇಕು. ಕನ್ನಡ ಆ ಪಟ್ಟಿಯಲ್ಲಿದೆ. ಅಂದರೆ ಹಿಂದಿ ಇಂಗ್ಲಿಷುಗಳ ಗಂಧವಿಲ್ಲದ ಪರದೇಶಿಯೊಬ್ಬ ಚಳ್ಳಕೆರೆಯ ಸಂತೆಯಲ್ಲಿ ಕಂಬಳಿಯ ಬೆಲೆ ಕಟ್ಟುವಷ್ಟು ಕನ್ನಡ ಕಲಿತರೂ ಭಾಷೆಯ ಷರತ್ತಿನ ಹಾದಿ ಅವನಿಗೆ ತೆರೆದಿದೆ. ಇದು ನನಗೆ ಬಹಳ ಇಷ್ಟವಾದ ನಿಯಮ. 2019ರ ತಿದ್ದುಪಡಿಯು ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಆರು ಧರ್ಮಗಳವರಿಗೆ 11 ವರ್ಷವನ್ನು 5ಕ್ಕೆ ಇಳಿಸಿತು. ಮುಸ್ಲಿಮರು ಆ ಪಟ್ಟಿಯಲ್ಲಿಲ್ಲ. ದಿನಗಳ ಎಣಿಕೆ ಧರ್ಮ ನೋಡಿ ಬದಲಾಗಬಾರದೆಂಬುದು ನನ್ನ ಅಭಿಪ್ರಾಯ. ಆ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿಯೂ ಟ್ರಂಕುಗಳು ತೆರೆದುಕೊಂಡವು. ಅಪ್ಪನ ಶಾಲಾ ದಾಖಲೆ, ಅಜ್ಜನ ಕಂದಾಯದ ರಸೀದಿ ಎಂದು ಎಲ್ಲರೂ ಕಾಗದ ಹುಡುಕಿದೆವು.

ಹಾಗೆ ಹುಡುಕಿದಾಗ ಸಿಕ್ಕ ಅಣ್ಣನ ಹೊಲದ ಪಹಣಿ ಈಗ ಕೆಲಸಕ್ಕೆ ಬಂದಿದೆ. ಕಡಲೆಕಾಯಿ ಬೆಳೆಯುವ ನಾಲ್ಕು ಎಕರೆ, ಇನ್ನೂ ಅಣ್ಣನ ಹೆಸರಿನಲ್ಲೇ ಇದೆ. ಅಮೆರಿಕದವನಾದ ಮೇಲೆ ಹೊಲ ಹೋಯಿತು ಎಂದು ಊರಿನಲ್ಲಿ ಮಾತಾಯಿತು. ಇದು ಸರಿಯಲ್ಲ. ವಾರಸಿನಿಂದ ಬಂದ ಕೃಷಿಭೂಮಿಯನ್ನು ಓಸಿಐ ಕಾರ್ಡಿನವರು ಹೊಂದಬಹುದು. ಕೊಳ್ಳುವಂತಿಲ್ಲ, ಆದರೆ ಪರದೇಶದಲ್ಲಿ ನೆಲೆಸಿದ ಭಾರತೀಯ ಪೌರನಾಗಿದ್ದಾಗಲೂ ಅವನು ಕೊಳ್ಳುವಂತಿರಲಿಲ್ಲ. ಮಾರುವುದಾದರೆ ಇಲ್ಲಿನ ನಿವಾಸಿಗಳಿಗೆ ಮಾರಬೇಕು. ಒಂದು ಸೂಕ್ಷ್ಮವಿದೆ: ಕೃಷಿಭೂಮಿಯನ್ನು ಅಂತಹವರಿಗೆ ದಾನವಾಗಿ ಕೊಡಲು ಅವಕಾಶವಿಲ್ಲ. ಮಕ್ಕಳಿಗೆ ಬದುಕಿದ್ದಾಗಲೇ ಹಿಬಾ ಮಾಡಿಕೊಡುವ ರೂಢಿ ನಮ್ಮಲ್ಲಿರುವುದರಿಂದ ಇದನ್ನು ತಂದೆತಾಯಿಗಳು ಅರಿತಿರಬೇಕು. ಶರೀಅತ್ತಿನ ಪಾಲಿನಲ್ಲಿ ಮಗನ ಪಾಸ್‌ಪೋರ್ಟಿನ ಬಣ್ಣ ಲೆಕ್ಕಕ್ಕಿಲ್ಲ. ಅವನ ತಂಗಿಯರ ಪಾಲೂ ಹಾಗೆಯೇ ಇದೆ, ಅದನ್ನೂ ಮರೆಯಬಾರದು.

ಪೌತಿ ಖಾತೆಗೆ ಅರ್ಜಿ ಹಾಕಿದಾಗ ತೊಡಕು ಬಂದದ್ದು ಪೌರತ್ವದಿಂದಲ್ಲ, ಹೆಸರಿನಿಂದ. ನಮ್ಮ ಅನೇಕ ಮನೆಗಳಂತೆ ಅವನ ಮೊದಲ ಪಾಸ್‌ಪೋರ್ಟಿನಲ್ಲಿ ಉಪನಾಮದ ಅಂಕಣ ಖಾಲಿಯಿತ್ತು. ಅಮೆರಿಕದವರು ಅವನ ಹೆಸರನ್ನೇ ಉಪನಾಮವಾಗಿಸಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಬರೆದರು. ಮೊದಲ ಹೆಸರು ತಿಳಿದಿಲ್ಲ ಎಂಬುದು ಅದರ ಅರ್ಥ. ಇಪ್ಪತ್ತು ವರ್ಷ ಅವನು ಅಲ್ಲಿ ಹೆಸರು ತಿಳಿಯದವನಾಗಿಯೇ ಬಾಳಿದ. ಪೌರತ್ವದ ಅರ್ಜಿಯಲ್ಲಿಯೇ ಹೆಸರು ಬದಲಾವಣೆ ಕೋರಬಹುದು. ನ್ಯಾಯಾಲಯದಲ್ಲಿ ನಡೆಯುವ ಪ್ರತಿಜ್ಞಾ ಸಮಾರಂಭದಲ್ಲಿ ಅದು ಮಂಜೂರಾಗುತ್ತದೆ. ಅವನು ತಂದೆಯ ಹೆಸರನ್ನು ಸೇರಿಸಿಕೊಂಡ. ಕೊಲ್ಲಿಗೆ ಹೋಗುವವರಿಗೂ ಇದು ಪಾಠ: 2022ರ ನವೆಂಬರ್‌ನಿಂದ ಯುಎಇ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಕೊಡುತ್ತಿಲ್ಲ. ಮಕ್ಕಳ ಪಾಸ್‌ಪೋರ್ಟ್ ಮಾಡಿಸುವಾಗ ಉಪನಾಮದ ಅಂಕಣದಲ್ಲಿ ತಂದೆಯ ಹೆಸರನ್ನಾದರೂ ಬರೆಸಿರಿ.

ಹೀಗೆ ವಂಶವೃಕ್ಷದಲ್ಲಿ ಒಂದು ಹೆಸರು, ಓಸಿಐ ಕಾರ್ಡಿನಲ್ಲಿ ಇನ್ನೊಂದು ಹೆಸರಾಯಿತು. ಇಬ್ಬರೂ ಒಬ್ಬನೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ಬೇಕಾಯಿತು. ಅದಕ್ಕೆ ಅತ್ತಿಗೆಯೇ ಸಾಕ್ಷಿ. ಹೆಂಗಸರದ್ದು ಬಲಗೈ ಹೆಬ್ಬೆಟ್ಟಾಗಬೇಕೆಂದು ಗುಮಾಸ್ತರು ಹೇಳಿದರು. ಆ ಕೈ ಇನ್ನೂ ಪೂರ್ತಿ ಮರಳಿಲ್ಲವೆಂದಾಗ ಎಡಗೈಯದ್ದನ್ನೇ ಒತ್ತಿಸಿಕೊಂಡರು. ಈಗ ಆಕ್ಷೇಪಣೆಯ ಅವಧಿ ಮುಗಿಯುವುದನ್ನು ಕಾಯುತ್ತಿದ್ದೇವೆ.